ಓದಿದ್ದು ಸಿವಿಲ್, ಮಾಡೋದು ಸಾಫ್ಟ್‌ವೇರ್: ಗ್ರೀನ್ ಕಾರ್ಡ್ ಏನನ್ನುತ್ತೆ?

ಸಿವಿಲ್ ಎಂಜಿನಿಯರಿಂಗ್ ಓದಿ ಸಾಫ್ಟ್‌ವೇರ್‌ನಲ್ಲಿರುವವರು, ಬಿ.ಕಾಂ ಮುಗಿಸಿ ಡೇಟಾಬೇಸ್ ನೋಡಿಕೊಳ್ಳುವವರು ನಮ್ಮಲ್ಲೇನೂ ಕಡಿಮೆ ಇಲ್ಲ. ಕೆಲಸ ಬಂದರೆ ಆಯ್ತು, ಆಮೇಲೆ ಓದಿದ್ದೇನು ಅಂತ ಯಾರೂ ಕೇಳುವುದಿಲ್ಲ. ಕೇಳುವುದು ವಲಸೆ ಇಲಾಖೆ. ನಾನಿರುವುದು ಅಮೆರಿಕದಲ್ಲಿ, ಗೆಳೆಯರು ಕೆನಡಾ, ಜರ್ಮನಿಯಲ್ಲಿದ್ದಾರೆ. ಓದಿಗೂ ಕೆಲಸಕ್ಕೂ ಹೊಂದಿಕೆ ಇರಲಿ ಅಂತ ಕೇಳುವುದಕ್ಕೆ ನನ್ನ ತಕರಾರಿಲ್ಲ. ಒಂದೇ ಇಲಾಖೆ ಒಂದೇ ಮನುಷ್ಯನನ್ನು ಎರಡು ಬೇರೆ ಅಳತೆಯಲ್ಲಿ ಅಳೆಯುತ್ತದಲ್ಲ, ಅದಕ್ಕೆ ತಕರಾರು.

ಅಮೆರಿಕದಲ್ಲಿ ತಾತ್ಕಾಲಿಕವಾಗಿ ಕೆಲಸ ಮಾಡಲು ಕೊಡುವ ಎಚ್-1ಬಿ ವೀಸಾಕ್ಕೆ ಪದವಿಗೂ ಕೆಲಸಕ್ಕೂ ನೇರ ಸಂಬಂಧ ಬೇಕು. 2025ರ ಜನವರಿಯಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ನೇರ ಅಂದರೆ ಎರಡರ ನಡುವೆ ಲಾಜಿಕಲ್ ಸಂಬಂಧ ಇರಬೇಕು, ಅಷ್ಟೇ. ಪದವಿ ಹೊಂದದಿದ್ದರೂ ದಾರಿ ಇದೆ. ಒಂದು ವರ್ಷದ ಕಾಲೇಜಿಗೆ ಬದಲಾಗಿ ಅದೇ ಕ್ಷೇತ್ರದ ಮೂರು ವರ್ಷದ ಅನುಭವವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಹೀಗೆ ಮೂರು ವರ್ಷದ ಬಿ.ಕಾಂ ಇರುವವರೂ ಅನುಭವ ಸೇರಿಸಿ ವೀಸಾ ಪಡೆದು ಆರಾಮಾಗಿ ಕೆಲಸ ಮಾಡುತ್ತಿರುತ್ತಾರೆ.

ಗ್ರೀನ್ ಕಾರ್ಡ್, ಅಂದರೆ ಇಲ್ಲೇ ಕಾಯಂ ಆಗಿ ಇರುವ ಅನುಮತಿ, ಅಂದಾಗ ಆಟ ಬದಲಾಗುತ್ತದೆ. ಕೆಲಸದ ಮೇಲೆ ಕೊಡುವ ಗ್ರೀನ್ ಕಾರ್ಡಿನ ಎರಡನೇ ವರ್ಗವಾದ ಇಬಿ-2ಗೆ ಸಾಮಾನ್ಯವಾಗಿ ಮಾಸ್ಟರ್ಸ್ ಬೇಕು, ಇಲ್ಲವೇ ಬ್ಯಾಚುಲರ್ಸ್ ಜೊತೆ ಐದು ವರ್ಷದ, ಮೇಲೇರುತ್ತಾ ಹೋದ ಅನುಭವ ಬೇಕು. ಆ ಬ್ಯಾಚುಲರ್ಸ್ ಅಮೆರಿಕದ ನಾಲ್ಕು ವರ್ಷದ ಪದವಿಗೆ ಸಮನಾದ ಒಂದೇ ಪದವಿಯಾಗಿರಬೇಕು. ಮೂರಕ್ಕೊಂದರ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಿನ್ನೆ ಅರ್ಹನಾಗಿದ್ದವನು ಇವತ್ತು ಅರ್ಹನಲ್ಲ, ಅದೂ ಅದೇ ಕುರ್ಚಿಯಲ್ಲಿ ಕೂತು ಅದೇ ಕೆಲಸ ಮಾಡುತ್ತಾ!

ವಿಷಯದ ಪ್ರಶ್ನೆಯಂತೂ ಇನ್ನೂ ವಿಚಿತ್ರ. ಕಾನೂನಿಗಿಂತ ಜಾಸ್ತಿ ಇಲ್ಲಿ ಲೆಕ್ಕಕ್ಕೆ ಬರುವುದು ಕಂಪನಿ ಪರ್ಮ್ ಅರ್ಜಿಯಲ್ಲಿ (ಗ್ರೀನ್ ಕಾರ್ಡಿನ ಮೊದಲ ಹೆಜ್ಜೆಯಾಗಿ ಕಾರ್ಮಿಕ ಇಲಾಖೆಗೆ ಹಾಕುವ ಅರ್ಜಿ) ಏನು ಬರೆದಿದೆ ಅನ್ನೋದು. 'ಕಂಪ್ಯೂಟರ್ ಸೈನ್ಸ್ ಪದವಿ' ಅಂತ ಮಾತ್ರ ಬರೆದರೆ ಸಿವಿಲ್‌ನವನಿಗೆ ಕಷ್ಟ. 'ಕಂಪ್ಯೂಟರ್ ಸೈನ್ಸ್ ಅಥವಾ ಯಾವುದೇ ಎಂಜಿನಿಯರಿಂಗ್' ಅಂತಿದ್ದರೆ ಅದೇ ಸಿವಿಲ್‌ನವನು ಅರ್ಹ. ಹಾಗಂತ ಕಂಪನಿ ಸುಮ್ನೆ ನಮಗೆ ಬೇಕಾದ ಹಾಗೆ ಬರೆಯುವಂತಿಲ್ಲ. ಆ ಕೆಲಸಕ್ಕೆ ನಿಜವಾಗಿ ಬೇಕಾದ ಕನಿಷ್ಠ ಅರ್ಹತೆಯನ್ನೇ ಬರೆದು, ಜಾಹೀರಾತು ಕೊಟ್ಟು, ಅಮೆರಿಕದವರು ಯಾರಾದರೂ ಸಿಗುತ್ತಾರಾ ಅಂತ ನೋಡಬೇಕು. ಅದೇ ಕಂಪನಿಯಲ್ಲಿ ಗಳಿಸಿದ ಅನುಭವ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದೂ ಇಲ್ಲ.

ಅದರ ಕೆಳಗಿನ ವರ್ಗವಾದ ಇಬಿ-3ರಲ್ಲಿ ಸ್ವಲ್ಪ ಉಸಿರಾಡಬಹುದು. ಎರಡು ವರ್ಷದ ಅನುಭವ ಬೇಕಾದ ಕೆಲಸಗಳೂ ಅಲ್ಲಿ ಬರುತ್ತವೆ. ಅದನ್ನು ಕೀಳಾಗಿ ನೋಡುವವರಿಗೆ 2020ರ ಅಕ್ಟೋಬರ್ ನೆನಪಿರಬೇಕು. ಆಗ ಗ್ರೀನ್ ಕಾರ್ಡಿಗೆ ಕಾಯುವ ಭಾರತದವರ ಇಬಿ-3 ಸಾಲು ಇಬಿ-2ಕ್ಕಿಂತ ಮುಂದೆ ಹೋಗಿ, ಮೇಲಿದ್ದವರೇ ಕೆಳಗಿಳಿದು ಅರ್ಜಿ ಹಾಕಿದರು.

ಪಾಯಿಂಟ್ ಲೆಕ್ಕದಲ್ಲಿ ವಲಸಿಗರನ್ನು ಆರಿಸುವ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಈ ತಲೆನೋವಿಲ್ಲ. ಪದವಿ ಯಾವ ಮಟ್ಟದ್ದು ಅಂತ ನೋಡಿ ಪಾಯಿಂಟ್ ಕೊಡುತ್ತಾರೆ, ಇತಿಹಾಸವೋ ಎಂಜಿನಿಯರಿಂಗೋ ಅಂತ ಕೇಳುವುದಿಲ್ಲ. 2023ರಿಂದ ಕೆಲವು ಉದ್ಯೋಗಗಳವರನ್ನು ಬೇರೆಯಾಗಿ ಆರಿಸುತ್ತಾರಲ್ಲ, ಅಲ್ಲೂ ನೋಡುವುದು ಮಾಡಿದ ಕೆಲಸವನ್ನೇ. ಆದರೆ ಒಳಗೆ ಬಿಟ್ಟ ಮೇಲೆ ಕೈ ಬಿಡುತ್ತಾರೆ. ಡಾಕ್ಟರ್ ಓದಿಗೆ ಪಾಯಿಂಟ್ ಸಿಕ್ಕಿತು ಅಂತ ಲೈಸೆನ್ಸ್ ಸಿಗುವುದಿಲ್ಲ, ಅದಕ್ಕೆ ಆಯಾ ಪ್ರಾಂತ್ಯದ ಮುಂದೆ ಬೇರೆಯೇ ಹೋರಾಟ. ಇದೂ ಒಂಥರಾ ಮೋಸವೇ ಅಲ್ವಾ?

ನನಗೆ ಹಿಡಿಸಿದ್ದು ಜರ್ಮನಿ ದಾರಿ. ಕಾಗದದ ವಿಷಯದಲ್ಲಿ ಜಗತ್ತಿಗೇ ಗೊತ್ತಿರುವ ಆ ದೇಶ 2023ರ ನವೆಂಬರ್‌ನಿಂದ ಐಟಿಯವರಿಗೆ ಪದವಿ ಇಲ್ಲದೆಯೂ ಬ್ಲೂ ಕಾರ್ಡ್ (ಅಲ್ಲಿ ಇದ್ದು ಕೆಲಸ ಮಾಡುವ ಪರವಾನಗಿ) ಕೊಡುತ್ತಿದೆ. ಹಿಂದಿನ ಏಳು ವರ್ಷದಲ್ಲಿ ಮೂರು ವರ್ಷದ ತಕ್ಕ ಅನುಭವ ಇರಬೇಕು, ಸಂಬಳ ಇಂತಿಷ್ಟು ಇರಬೇಕು. ಮಾಡುವ ಕೆಲಸ ಗೊತ್ತಿದೆಯಾ ಅನ್ನುವುದೇ ಅಲ್ಲಿ ಪ್ರಶ್ನೆ.

ಅಮೆರಿಕದ ಕಾನೂನು ಸದ್ಯಕ್ಕೆ ಆ ಕಡೆ ತಿರುಗುವ ಲಕ್ಷಣ ನನಗಂತೂ ಕಾಣುತ್ತಿಲ್ಲ. ಇಲ್ಲಿ ಓದು ಒಂದು ಕೆಲಸ ಒಂದು ಆಗಿರುವವರು ಪರ್ಮ್ ಅರ್ಜಿ ಹೋಗುವ ಮೊದಲೇ ಅದರ ಕರಡು ಕೇಳಿ ಓದಿ. ಪದವಿ ವಿಷಯದ ಆ ಒಂದು ಸಾಲನ್ನು ಲಾಯರ್ ಹತ್ತಿರ ಕೂತು ಬಿಡಿಸಿ ಕೇಳಿ. ಎಚ್ಆರ್‌ಗೆ ಬೇಜಾರಾದರೆ ಆಗಲಿ. ಒಮ್ಮೆ ಸಲ್ಲಿಸಿದ ಮೇಲೆ ಅದನ್ನು ತಿದ್ದಲು ಬರುವುದಿಲ್ಲ.