ಆಶಾ ಅಳೆದ ಸೊಂಟದ ಸುತ್ತಳತೆ ಎಲ್ಲಿಗೆ ಹೋಯಿತು?

ಮೂವತ್ತು ದಾಟಿದವರಿರುವ ಮನೆಮನೆಗೂ ಹೋಗಿ ಆಶಾ ಕಾರ್ಯಕರ್ತೆಯರು ಸಿಬ್ಯಾಕ್ ಅನ್ನುವ ಫಾರಂ ತುಂಬಬೇಕು. ವಯಸ್ಸು, ಬೀಡಿ-ತಂಬಾಕು, ಕುಡಿತ, ದೈಹಿಕ ಚಟುವಟಿಕೆ, ಮನೆಯಲ್ಲಿ ಯಾರಿಗಾದರೂ ಬಿಪಿ-ಶುಗರ್ ಇದೆಯಾ ಅನ್ನುವ ಪ್ರಶ್ನೆಗಳ ಜೊತೆ ಸೊಂಟದ ಸುತ್ತಳತೆಗೂ ಅಲ್ಲೊಂದು ಸಾಲಿದೆ. ಹೆಂಗಸರಿಗೆ 80 ಸೆಂ.ಮೀ. ಒಳಗಿದ್ದರೆ ಸೊನ್ನೆ, 81ರಿಂದ 90ಕ್ಕೆ ಒಂದು ಅಂಕ, 90 ದಾಟಿದರೆ ಎರಡು. ಗಂಡಸರಿಗೆ ಇದೇ ಲೆಕ್ಕ 90 ಮತ್ತು 100ಕ್ಕೆ. ಎಲ್ಲಾ ಕೂಡಿಸಿ 4 ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸಬೇಕು. ಆ ಅಳತೆಯ ಆಯುಷ್ಯ ಅಲ್ಲಿಗೆ ಮುಗಿಯಿತು. ಬಿಪಿ ನಾರ್ಮಲ್, ಶುಗರ್ ನಾರ್ಮಲ್ ಅಂತ ಬಂದರೆ 96 ಸೆಂ.ಮೀ. ಸೊಂಟದ ಹೆಂಗಸು "ಏನೂ ತೊಂದರೆ ಇಲ್ಲಮ್ಮ, ಹೋಗಿ ಬನ್ನಿ" ಅನ್ನಿಸಿಕೊಂಡು ಮನೆಗೆ ಬರುತ್ತಾಳೆ.

ನನ್ನ ತಕರಾರು ಇರುವುದು ಇಲ್ಲೇ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಬೊಜ್ಜಿಗೆ ಚಿಕಿತ್ಸೆ ಯಾಕೆ ಸಿಗುತ್ತಿಲ್ಲ ಅಂದರೆ ಎಲ್ಲರೂ ಹೇಳುವುದು ಡಾಕ್ಟರ್‌ಗೆ ಟೈಮಿಲ್ಲ, ಡಯಟಿಷಿಯನ್ ಇಲ್ಲ, ಔಷಧಿ ಇಲ್ಲ. ಮೂರೂ ನಿಜ. ಆದರೆ ಅಳೆದು ಬರೆದಿಟ್ಟ ಅಂಕಿಯನ್ನೇ ಯಾರೂ ಓದದಿರುವಾಗ ಇವು ಎರಡನೇ ಮಾತಾಗುತ್ತವೆ. ಈ ಫಾರಂ ತುಂಬಿಸುವ ಸರ್ಕಾರಿ ಕಾರ್ಯಕ್ರಮ ಲೆಕ್ಕ ಕೇಳುವುದು ಬಿಪಿ, ಶುಗರ್ ಮತ್ತು ಮೂರು ಕ್ಯಾನ್ಸರ್‌ಗಳದ್ದು. 2023ರಲ್ಲಿ ಕೇಂದ್ರ ಇಟ್ಟ ದೊಡ್ಡ ಗುರಿಯೂ 2025ರ ಒಳಗೆ ಏಳೂವರೆ ಕೋಟಿ ಬಿಪಿ-ಶುಗರ್ ರೋಗಿಗಳನ್ನು ಸರಿಯಾದ ಚಿಕಿತ್ಸೆಗೆ ತರುವುದಾಗಿತ್ತು. ಗುರಿ ಇಲ್ಲದ ಕಾಯಿಲೆಗೆ ತಿಂಗಳ ವರದಿಯಲ್ಲಿ ಕಾಲಂ ಇರುವುದಿಲ್ಲ. ಕಾಲಂ ಇಲ್ಲದ್ದು ಡಾಕ್ಟರ್ ಬರೆಯುವ ಚೀಟಿಗೂ ಬರುವುದಿಲ್ಲ.

ಚೀಟಿಯಲ್ಲಿ ಬರುವುದೇನು? ಮಂಡಿನೋವು. ನೋವಿಗೆ ಡೈಕ್ಲೋಫೆನಾಕ್, ಜೊತೆಗೊಂದು ಗ್ಯಾಸ್ ಮಾತ್ರೆ. ಅಥವಾ ಮುಟ್ಟು ಸರಿಯಾಗಿ ಆಗುತ್ತಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಗೊರಕೆ, ಹಗಲೆಲ್ಲ ತೂಕಡಿಕೆ. ಕತ್ತಿನ ಹಿಂದೆ ಮಖಮಲ್ಲಿನ ಹಾಗೆ ಕಪ್ಪಗಾದ ಚರ್ಮವನ್ನು ಕೊಳೆ ಅಂದುಕೊಂಡು ಸೋಪು ಹಾಕಿ ತಿಕ್ಕುವವರಿದ್ದಾರೆ. ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಗುರುತು. ನೋಡಲು ಯಾವ ಯಂತ್ರವೂ ಬೇಡ, ಸೆರಗು ಸ್ವಲ್ಪ ಸರಿಸಿದರೆ ಸಾಕು. ಮಂಡಿಯ ವಿಷಯದಲ್ಲಂತೂ ಲೆಕ್ಕ ಸರಳ: ತೂಕ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಸುಮಾರು ನಾಲ್ಕು ಕೆಜಿ ಭಾರ ಇಳಿಯುತ್ತದೆ. ಇದನ್ನು ಹೇಳಲು ಅರ್ಧ ನಿಮಿಷ ಸಾಕು.

ಇನ್ನು ಅಳತೆ. ಇಲ್ಲಿ ಎಡವಟ್ಟು ಹೆಚ್ಚು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎತ್ತರದ ಪಟ್ಟಿಯನ್ನು ಗೋಡೆಗೆ ಅಂಟಿಸುವಾಗ ನೆಲದಿಂದ ಶುರುಮಾಡದೆ ಸ್ಕರ್ಟಿಂಗ್ ಟೈಲ್ಸ್ ಮೇಲಿನಿಂದ ಅಂಟಿಸಿದರೆ ಎಲ್ಲರೂ ಗಿಡ್ಡ. ಚಪ್ಪಲಿ ಬಿಚ್ಚಿಸದೆ, ತುರುಬಿನ ಮೇಲೆ ಸ್ಕೇಲ್ ಇಟ್ಟು ನೋಡಿದರೆ ಎಲ್ಲರೂ ಉದ್ದ. ಮೂರು ಸೆಂ.ಮೀ. ಏನು ಮಹಾ ಅನ್ನಬೇಡಿ. 62 ಕೆಜಿ ತೂಕ, 155 ಸೆಂ.ಮೀ. ಎತ್ತರ ಅಂದರೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಸೂಚ್ಯಂಕ) 25.8. ಅದೇ ತೂಕಕ್ಕೆ 158 ಅಂತ ಬರೆದರೆ 24.8. ನಮ್ಮ ದೇಶದ ಲೆಕ್ಕದಲ್ಲಿ 23ರಿಂದ ಅಧಿಕ ತೂಕ, 25ರಿಂದ ಬೊಜ್ಜು. ಒಂದು ತುರುಬು ರೋಗನಿರ್ಣಯವನ್ನೇ ಬದಲಿಸಿತು. ಸ್ಪ್ರಿಂಗ್ ತಕ್ಕಡಿ ಸಮತಟ್ಟಾದ ನೆಲದ ಮೇಲಿರಬೇಕು, ಮುಳ್ಳು ಸೊನ್ನೆಯಲ್ಲಿದೆಯಾ ಅಂತ ಬೆಳಿಗ್ಗೆ ನೋಡಬೇಕು.

ಸೊಂಟ ಅಳೆಯುವುದು ಇನ್ನೂ ಕಷ್ಟ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುಮಧ್ಯೆ, ಟೇಪು ನೆಲಕ್ಕೆ ಸಮವಾಗಿ, ಉಸಿರು ಸಹಜವಾಗಿ ಹೊರಬಿಟ್ಟ ಮೇಲೆ ಓದಬೇಕು. ವಾಸ್ತವದಲ್ಲಿ ಸೀರೆಯ ನೆರಿಗೆ, ಲಂಗದ ಲಾಡಿಯ ಗಂಟು, ಅದರ ಮೇಲೆ ಟೇಪು. ಮರೆಯಿಲ್ಲದ ಜಗುಲಿಯಲ್ಲಿ ನಿಲ್ಲಿಸಿ ಸೀರೆ ಸಡಿಲಿಸಿ ಅಂದರೆ ಯಾರು ಒಪ್ಪುತ್ತಾರೆ? ಹಾಗಾಗಿ ಎಷ್ಟೋ ಕಡೆ ಕಣ್ಣಳತೆಯೇ ಫಾರಂ ಸೇರುತ್ತದೆ. ಇದು ಆಶಾ ಅವರ ತಪ್ಪಲ್ಲ. ಬಾಗಿಲು ಹಾಕಿಕೊಳ್ಳುವಂಥ ಒಂದು ಕೋಣೆ, ಸೆಂ.ಮೀ. ಮಾತ್ರ ಇರುವ ಒಂದು ಟೇಪು ಕೊಡಿ ಅಂತ ಕೇಳುವ ಹಕ್ಕು ಅವರಿಗಿದೆ. ಒಂದು ಬದಿ ಇಂಚು ಇರುವ ಟೇಪಿನ ಅವಾಂತರ ದರ್ಜಿಗಳನ್ನು ಕೇಳಿದರೂ ಹೇಳುತ್ತಾರೆ.

ಬಿಪಿ ಪಟ್ಟಿಯದ್ದು ಇನ್ನೊಂದು ಕಥೆ. ತೋಳಿಗೆ ಸುತ್ತುವ ಸಾಮಾನ್ಯ ಪಟ್ಟಿ ಸುಮಾರು 34 ಸೆಂ.ಮೀ. ಸುತ್ತಳತೆಯ ತೋಳಿನವರೆಗೆ ಸರಿ. ಅದಕ್ಕಿಂತ ದಪ್ಪ ತೋಳಿಗೆ ಅದನ್ನೇ ಬಿಗಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಇಲ್ಲದ ಬಿಪಿಗೆ ಮಾತ್ರೆ ಶುರುವಾಗುತ್ತದೆ, ಇರುವ ಬೊಜ್ಜು ಹಾಗೇ ಉಳಿಯುತ್ತದೆ. ದೊಡ್ಡ ಪಟ್ಟಿ ಲಕ್ಷ ರೂಪಾಯಿಯ ಯಂತ್ರವೇನಲ್ಲ, ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕುವಾಗ ಅದೂ ಒಂದು ಬೇಕು ಅಂತ ಬರೆಯಬೇಕು, ಅಷ್ಟೇ.

ಈಗ ಸಲಹೆಗೆ ಬರೋಣ. "ಅನ್ನ ಬಿಡಿ, ಚಪಾತಿ ತಿನ್ನಿ, ವಾಕಿಂಗ್ ಮಾಡಿ." ಮನೆಗೆ ಬರುವುದು ಪಡಿತರ ಅಕ್ಕಿ, ಅಡುಗೆ ಆಗುವುದು ಐದು ಜನಕ್ಕೆ. ಅವಳೊಬ್ಬಳಿಗೆ ಗೋಧಿ ಎಲ್ಲಿಂದ ಬರಬೇಕು? ಬಂದರೂ, ಎಣ್ಣೆ ಸವರಿದ ನಾಲ್ಕು ಚಪಾತಿ ಒಂದು ದೊಡ್ಡ ಬಟ್ಟಲು ಅನ್ನಕ್ಕೇನೂ ಕಡಿಮೆಯಿಲ್ಲ. ಇದರ ಬದಲು ಎರಡು ಪ್ರಶ್ನೆ ಕೇಳಿ ನೋಡಿ. ಮನೆಗೆ ತಿಂಗಳಿಗೆ ಎಣ್ಣೆ ಎಷ್ಟು ಪ್ಯಾಕೆಟ್? ತಲೆಗೆ ಅರ್ಧ ಲೀಟರ್ ಲೆಕ್ಕದಲ್ಲಿ ನಾಲ್ಕು ಜನರ ಮನೆಗೆ ಎರಡು ಲೀಟರ್ ಸಾಕು. ನಾಲ್ಕು ಬರುತ್ತಿದ್ದರೆ ಕೆಲಸ ಅಲ್ಲಿಂದ ಶುರು. ದಿನಕ್ಕೆ ಟೀ ಎಷ್ಟು? ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ ಸಕ್ಕರೆಯಿಂದಲೇ 160 ಕ್ಯಾಲರಿ. ತಟ್ಟೆಯಲ್ಲಿ ಅನ್ನ ಅರ್ಧಕ್ಕೆ ಇಳಿದು, ಹುಳಿಯಲ್ಲಿ ಬೇಳೆ-ತರಕಾರಿ ಏರಿದರೆ ಮನೆಮಂದಿಗೆಲ್ಲ ಒಂದೇ ಅಡುಗೆ ಆಗುತ್ತದೆ.

ಗುರಿಯೂ ಚೀಟಿಯಲ್ಲೇ ಇರಲಿ: ತೂಕದಲ್ಲಿ ಶೇ. 5 ಇಳಿಕೆ. ಎಪ್ಪತ್ತು ಕೆಜಿಗೆ ಮೂರೂವರೆ. ಬಿಪಿ-ಶುಗರ್ ಮೇಲೆ ಪರಿಣಾಮ ಕಾಣಲು ಅಷ್ಟು ಸಾಕು. ನಲವತ್ತೈದು ಕೆಜಿ ಇದ್ದ ಮದುವೆ ಫೋಟೋ ತೋರಿಸಿ ಹಾಗಾಗಿ ಅಂದರೆ ಯಾರೂ ಎರಡನೇ ಸಲ ಬರುವುದಿಲ್ಲ.

ಹಾಗೇ ಮಾತ್ರೆಗಳ ಪಟ್ಟಿಯನ್ನೊಮ್ಮೆ ನೋಡಬೇಕು, ಇದನ್ನು ಮಾಡುವವರು ತೀರಾ ಕಡಿಮೆ. ಶುಗರ್ ಔಷಧಿಗಳಲ್ಲಿ ಗ್ಲಿಮೆಪಿರೈಡ್ ಮತ್ತು ಇನ್ಸುಲಿನ್ ತೂಕ ಏರಿಸುತ್ತವೆ, ಮೆಟ್‌ಫಾರ್ಮಿನ್ ಏರಿಸುವುದಿಲ್ಲ. ಖಿನ್ನತೆ, ಮಾನಸಿಕ ಕಾಯಿಲೆ, ಮೂರ್ಛೆ, ಉರಿಯೂತಗಳಿಗೆ ಕೊಡುವ ಅಮಿಟ್ರಿಪ್ಟಿಲಿನ್, ಒಲಾಂಜಪಿನ್, ವಾಲ್‌ಪ್ರೋಯೇಟ್, ಪ್ರೆಡ್ನಿಸೋಲೋನ್ ಏರಿಸುತ್ತವೆ. ಮೂರು ತಿಂಗಳಿಗೊಮ್ಮೆ ಕೊಡುವ ಗರ್ಭನಿರೋಧಕ 'ಅಂತರ' ಚುಚ್ಚುಮದ್ದಿನಿಂದಲೂ ಕೆಲವರಿಗೆ ತೂಕ ಏರುತ್ತದೆ. ತಾವಾಗಿಯೇ ನಿಲ್ಲಿಸಬಾರದು, ಬದಲಿ ಇದೆಯಾ ಅಂತ ವೈದ್ಯರು ನೋಡಬೇಕು. ಥೈರಾಯ್ಡ್ ಒಮ್ಮೆ ಪರೀಕ್ಷಿಸುವುದು ಸರಿ, ಆದರೆ ಅದರಿಂದ ಏರುವುದು ಸಾಮಾನ್ಯವಾಗಿ ಕೆಲವೇ ಕೆಜಿ. ಇಪ್ಪತ್ತು ಕೆಜಿಯನ್ನು ಅದರ ಲೆಕ್ಕಕ್ಕೆ ಹಾಕಲಾಗದು.

ಟೈಮಿಲ್ಲ ಅನ್ನುವ ಮಾತಿಗೆ ನನ್ನ ಉತ್ತರ ತಿಂಗಳ ಮಾತ್ರೆ. ಬಿಪಿ-ಶುಗರ್ ಮಾತ್ರೆ ಮೂವತ್ತು ದಿನಕ್ಕೆ ಕೊಡುತ್ತಾರೆ, ಅಂದರೆ ಆ ರೋಗಿ ವರ್ಷಕ್ಕೆ ಹನ್ನೆರಡು ಸಲ ಬರುತ್ತಾಳೆ. ಪ್ರತಿ ಸಲ ಮಾತ್ರೆ ಕೊಡುವ ಮುಂಚೆ ತೂಕ, ಅದೇ ಪುಸ್ತಕದಲ್ಲಿ ಹಿಂದಿನ ತಿಂಗಳ ಅಂಕಿಯ ಪಕ್ಕದಲ್ಲೇ. ಇದಕ್ಕೆ ವೈದ್ಯರು ಬೇಕಿಲ್ಲ, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ ಸಾಕು. ಆರು ತಿಂಗಳ ಹೊತ್ತಿಗೆ ತೂಕ ಇಳಿಯುವುದು ನಿಲ್ಲುತ್ತದೆ, ಹಸಿವು ಹೆಚ್ಚುತ್ತದೆ. ದೇಹವೇ ಎಳೆದಾಡುವ ಆ ಹೊತ್ತಿನಲ್ಲಿ "ಬಾಯಿ ಕಟ್ಟಲಿಲ್ಲ ಅಲ್ವಾ?" ಅಂತ ಬೈದರೆ ಅವಳು ಮುಂದಿನ ತಿಂಗಳು ಮಾತ್ರೆ ತರಲು ಮಗನನ್ನು ಕಳಿಸುತ್ತಾಳೆ.

ಕೊನೆಗೆ ಇಂಜೆಕ್ಷನ್. 2025ರಲ್ಲಿ ತೂಕ ಇಳಿಸುವ ಮೌಂಜಾರೊ, ವೆಗೋವಿ ಎರಡೂ ಇಲ್ಲಿನ ಮಾರುಕಟ್ಟೆಗೆ ಬಂದವು. ಖಾಸಗಿಯಲ್ಲಿ ಚುಚ್ಚಿಸಿಕೊಂಡವರು ಬಿಪಿ-ಶುಗರ್ ಮಾತ್ರೆಗೆ ಮಾತ್ರ ಪಿಎಚ್‌ಸಿಗೆ ಬರಬಹುದು, ಕೇಳದಿದ್ದರೆ ಹೇಳುವುದೂ ಇಲ್ಲ. ಇಂಥವರಿಗೆ ಹಳೆಯ ಡೋಸಿನ ಗ್ಲಿಮೆಪಿರೈಡ್ ಹಾಗೇ ಮುಂದುವರಿಸಿದರೆ ಶುಗರ್ ಕುಸಿದು ಬೆವರಿ ಬೀಳುವ ಅಪಾಯವಿದೆ. ಆದ್ದರಿಂದ ಚೀಟಿ ಬರೆಯುವ ಮುಂಚೆ ಒಂದು ಮಾತು: "ಬೇರೆ ಕಡೆ ವಾರಕ್ಕೊಂದು ಇಂಜೆಕ್ಷನ್ ಏನಾದರೂ ತಗೊಳ್ತಿದ್ದೀರಾಮ್ಮ?"