ಹನಿ ಬಿದ್ದ ಜಾಗ ಬೇರೆ, ಸೋರುವ ಜಾಗ ಬೇರೆ

ಗೇರ್‌ಬಾಕ್ಸ್ ಇಳಿಸಿ, ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ (ಆ ತಿರುಗುವ ದಂಡದ ಸುತ್ತ ಆಯಿಲ್ ತಡೆಯುವ ಉಂಗುರ) ಬದಲಾಯಿಸಿ, ಮತ್ತೆ ಏರಿಸಿ ಹತ್ತು ದಿನ ಆಗಿರಲಿಲ್ಲ. ಬೆಳಗ್ಗೆ ನನ್ನ ಡೀಸೆಲ್ ಪಿಕಪ್ ತೆಗೆದು ನೋಡಿದರೆ ನೆಲದ ಮೇಲೆ ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಕಪ್ಪು ಕಲೆ. ಸುಮ್ನೆ ನಿಂತುಬಿಟ್ಟೆ.

ಸಿಟ್ಟು ಬಂದದ್ದು ಮೆಕ್ಯಾನಿಕ್ ಮೇಲೆ ಅಲ್ಲ, ನನ್ನ ಮೇಲೇ. ಅವರು ಕೆಳಗೆ ಬಗ್ಗಿ ನೋಡಿ "ಹಿಂದಿನ ಸೀಲ್ ಹೋಗಿದೆ" ಅಂದಾಗ ಹೂಂ ಅಂದವನು ನಾನೇ. ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಕಡೆಯಿಂದ ಹನಿ ಬೀಳುತ್ತಿತ್ತು. ಸೀಲ್ ಇರುವುದೂ ಅಲ್ಲೇ. ಲೆಕ್ಕ ಸರಿಹೋಯಿತಲ್ಲ ಅಂದುಕೊಂಡೆ. ಗೇರ್‌ಬಾಕ್ಸ್ ಇಳಿಸುವ ಮೊದಲು ಎಂಜಿನ್ ಒಂದು ಸಲ ತೊಳೆದು ನೋಡೋಣ ಅಂತ ಇಬ್ಬರಿಗೂ ಹೊಳೆಯಲಿಲ್ಲ.

ಆಯಿಲ್ ಲೀಕ್ ವಿಷಯದಲ್ಲಿ ನಮಗೆ ಬಿಚ್ಚುವುದಕ್ಕೆ ಇರುವ ಅವಸರ ತೊಳೆಯುವುದಕ್ಕೆ ಇಲ್ಲ. ಇದು ನನ್ನ ದೂರು, ನನ್ನ ಮೇಲೂ ಸೇರಿಸಿಯೇ.

ಆಯಿಲ್ ಸೋರಿದ ಕಡೆಯೇ ನೆಲಕ್ಕೆ ಬೀಳುವುದಿಲ್ಲ. ಎಂಜಿನ್ ಮೈಮೇಲೆ ದಾರಿ ಹುಡುಕಿಕೊಂಡು ಕೆಳಗಿಳಿಯುತ್ತದೆ. ಗಾಡಿ ಓಡುವಾಗ ಫ್ಯಾನ್ ಗಾಳಿ, ಎದುರುಗಾಳಿ ಎರಡೂ ಅದನ್ನು ಹಿಂದಕ್ಕೆ ತಳ್ಳುತ್ತವೆ. ಪಿಕಪ್‌ಗಳಲ್ಲಿ ಎಂಜಿನ್ ಉದ್ದಕ್ಕೆ ಕೂತಿರುತ್ತದೆ, ಗೇರ್‌ಬಾಕ್ಸ್ ಅದರ ಬೆನ್ನಿಗೆ. ಹಾಗಾಗಿ ಎಂಜಿನ್ ನೆತ್ತಿಯ ಮುಚ್ಚಳವಾದ ಟ್ಯಾಪೆಟ್ ಕವರ್ ಸೋರಿದರೂ, ಆಯಿಲ್ ಪ್ರೆಷರ್ ಸ್ವಿಚ್ ಸೋರಿದರೂ, ಡೈನಮೋ ಹಿಂದಿನ ವ್ಯಾಕ್ಯೂಮ್ ಪಂಪ್ ಸೋರಿದರೂ, ಟರ್ಬೋದಿಂದ ಆಯಿಲ್ ವಾಪಸ್ ಬರುವ ಪೈಪ್ ಸೋರಿದರೂ ಕೊನೆಗೆ ಹನಿ ತೊಟ್ಟಿಕ್ಕುವುದು ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಕಡೆಯ ಕವಚದ, ಅಂದರೆ ಬೆಲ್ ಹೌಸಿಂಗ್‌ನ ಕೆಳಗೇ. ಪಾಪ, ಬೈಸಿಕೊಳ್ಳುವುದು ಮಾತ್ರ ಹಿಂದಿನ ಸೀಲು.

ಡೀಸೆಲ್‌ನಲ್ಲಿ ಇನ್ನೊಂದು ತಲೆನೋವಿದೆ. ಹೊಸ ಆಯಿಲ್ ಹಾಕಿ ಸ್ವಲ್ಪ ಓಡಿಸಿದರೆ ಸಾಕು, ಮಸಿ ಸೇರಿ ಕಪ್ಪಾಗುತ್ತದೆ. ಹೋದ ವರ್ಷದ ಜಿಡ್ಡು ಯಾವುದು, ಇವತ್ತು ಬೆಳಗ್ಗೆ ಸೋರಿದ್ದು ಯಾವುದು ಅಂತ ಬಣ್ಣ ನೋಡಿ ಹೇಳುವ ಹಾಗಿಲ್ಲ. ಅದಕ್ಕೇ ತೊಳೆಯಲೇಬೇಕು.

ತೊಳೆಯುವ ಮೊದಲು ಸೋರುತ್ತಿರುವುದು ಎಂಜಿನ್ ಆಯಿಲ್ ಹೌದೋ ಅಲ್ಲವೋ ಅನ್ನುವುದೂ ಗೊತ್ತಾಗಬೇಕು. ಬೆರಳಿಗೆ ತಾಗಿಸಿ ಉಜ್ಜಿ, ಮೂಸಿ ನೋಡಿ. ಡೀಸೆಲ್ ಆದರೆ ತೆಳ್ಳಗಿರುತ್ತದೆ, ವಾಸನೆಯೇ ಹೇಳಿಬಿಡುತ್ತದೆ. ಇಂಜೆಕ್ಷನ್ ಪಂಪಿನಿಂದ (ಎಂಜಿನ್‌ಗೆ ಡೀಸೆಲ್ ನೂಕುವ ಪಂಪು) ಒಸರಿದ ಡೀಸೆಲ್ ಹಳೇ ಜಿಡ್ಡನ್ನು ಕರಗಿಸಿಕೊಂಡು ಕಪ್ಪಗೆ ಇಳಿದರೆ ಥೇಟ್ ಎಂಜಿನ್ ಆಯಿಲ್ ಹಾಗೇ ಕಾಣುತ್ತದೆ. ಗೇರ್ ಆಯಿಲ್‌ನ ಗಂಧಕದ ನಾತ ಒಂದು ಸಲ ಮೂಗಿಗೆ ಬಿದ್ದರೆ ಮರೆಯುವುದಿಲ್ಲ.

ನಾನು ತೊಳೆದದ್ದು ಒಂದು ಭಾನುವಾರ, ಎಂಜಿನ್ ಪೂರ್ತಿ ತಣ್ಣಗಿದ್ದಾಗ. ಬಿಸಿ ಇರುವಾಗ ಇಂಜೆಕ್ಷನ್ ಪಂಪ್ ಮೇಲೆ ತಣ್ಣೀರು ಸುರಿಯಬಾರದು. ಅದರೊಳಗಿನ ಭಾಗಗಳ ನಡುವಿನ ಸಂದು ತುಂಬಾ ಕಡಿಮೆ, ಹೊರಗಿನ ಲೋಹ ಥಟ್ಟನೆ ತಣಿದು ಕುಗ್ಗಿದರೆ ಹಿಡಿದುಕೊಳ್ಳಬಹುದು. ನೀರು ಹೋಗದಂತೆ ಡೈನಮೋಗೂ ಸೆಲ್ಫ್ ಮೋಟರಿಗೂ ನಾನೇ ಪ್ಲಾಸ್ಟಿಕ್ ಸುತ್ತಿದೆ. ಡಿಗ್ರೀಸರ್ ಹಾಕಿ ಬ್ರಷ್‌ನಲ್ಲಿ ಉಜ್ಜಿದೆ. ಅಷ್ಟು ವರ್ಷದಲ್ಲಿ ಮೊದಲ ಸಲ ಬ್ಲಾಕ್‌ನ ನಿಜವಾದ ಬಣ್ಣ ಕಂಡಿತು. ಒಣಗಿದ ಮೇಲೆ ಅನುಮಾನ ಇದ್ದ ಕಡೆಯೆಲ್ಲ ಟಾಲ್ಕಂ ಪೌಡರ್ ಊದಿದೆ. ಎಂಜಿನ್‌ಗೆ ಪೌಡರ್ ಹಚ್ಚುತ್ತಿರುವುದನ್ನು ನೋಡಿ ಮನೆಯವರು ನಕ್ಕರು. ನಗಲಿ ಬಿಡಿ.

ಇಪ್ಪತ್ತು ನಿಮಿಷ ನಿಂತಲ್ಲೇ ಓಡಿಸಿದೆ. ಏನೂ ಇಲ್ಲ. ಎಷ್ಟೋ ಜನ ಇಲ್ಲಿಗೇ ನಿಲ್ಲಿಸಿ "ಸರಿಹೋಯ್ತು" ಅಂದುಬಿಡುತ್ತಾರೆ. ಕೆಲವು ಲೀಕ್ ಎಂಜಿನ್ ದುಡಿದಾಗ ಮಾತ್ರ ಕಾಣುತ್ತವೆ. ಹಿಂದೆ ಭಾರ ಹಾಕಿಕೊಂಡು ಏರು ರಸ್ತೆಯಲ್ಲಿ ಒಂದು ಸುತ್ತು ಹೋಗಿಬಂದೆ. ಬಾನೆಟ್ ಎತ್ತಿ, ಕೋಲಿಗೆ ಕಟ್ಟಿದ ಸಣ್ಣ ಕನ್ನಡಿಯನ್ನು ಎಂಜಿನ್ ಹಿಂದಕ್ಕೆ ಇಳಿಸಿ ಟಾರ್ಚ್ ಬಿಟ್ಟೆ. ಟ್ಯಾಪೆಟ್ ಕವರ್‌ನ ಹಿಂದಿನ ಮೂಲೆಯಿಂದ, ಬಿಳಿ ಪೌಡರ್ ನಡುವೆ, ಇರುವೆ ಸಾಲಿನಷ್ಟು ಸಣ್ಣ ಕಪ್ಪು ಗೆರೆ. ಹೆಡ್ ದಾಟಿ, ಬ್ಲಾಕ್ ದಾಟಿ, ನೇರ ಬೆಲ್ ಹೌಸಿಂಗ್ ಒಳಕ್ಕೆ. ಮೇಲಿನಿಂದ ನೋಡಿದರೆ ಕವರ್ ಪೂರ್ತಿ ಒಣಗಿತ್ತು.

ಕವರ್ ಬಿಚ್ಚಿದಾಗ ಅದರಡಿ ಸಂದಿ ಮುಚ್ಚುವ ಪ್ಯಾಕಿಂಗ್ ರಬ್ಬರ್ ಆಗಿ ಉಳಿದಿರಲಿಲ್ಲ. ಬಗ್ಗಿಸಿದರೆ ಒಣ ಕಡ್ಡಿ ಥರ ಪಟ್ ಅಂತ ಮುರಿಯಿತು. ಹೊಸದು ಹಾಕಿದೆ. ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ. ಇದಕ್ಕಾಗಿ ಗೇರ್‌ಬಾಕ್ಸ್ ಇಳಿಸಿದ್ದೆ!

ಕಥೆ ಇಲ್ಲಿಗೇ ಮುಗಿದಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಎರಡು ವಾರಕ್ಕೆ ಅದೇ ಮೂಲೆ ಮತ್ತೆ ಒದ್ದೆ. ಬೋಲ್ಟ್ ಇನ್ನೊಂದು ಸುತ್ತು ಬಿಗಿ ಮಾಡೋಣ ಅಂತ ಕೈ ತುರಿಸಿತು. ಮಾಡಬೇಡಿ. ಬಿಗಿ ಜಾಸ್ತಿಯಾದರೆ ಪ್ಯಾಕಿಂಗ್ ಹಿಂಡಿಕೊಂಡು ಹೊರಬರುತ್ತದೆ, ತಗಡಿನ ಕವರ್ ಆದರೆ ಬೋಲ್ಟ್ ತೂತಿನ ಸುತ್ತ ಬಗ್ಗುತ್ತದೆ, ಆಮೇಲೆ ಯಾವ ಪ್ಯಾಕಿಂಗ್ ಹಾಕಿದರೂ ಕೂರುವುದಿಲ್ಲ. ಸಿಲಿಕೋನ್ ಮೆತ್ತುವವರದ್ದು ಇನ್ನೊಂದು ಕಥೆ. ಹೊರಗೆ ಎಷ್ಟು ಉಬ್ಬಿ ಬಂದಿದೆಯೋ ಒಳಗೂ ಅಷ್ಟೇ ಉಬ್ಬಿರುತ್ತದೆ. ಆ ಚೂರುಗಳು ಕಿತ್ತುಬಂದು ಆಯಿಲ್ ಪಂಪ್‌ನ ಜಾಲರಿಗೆ ಅಂಟಿಕೊಂಡರೆ ಒಳಗೆ ಆಯಿಲ್ ಸಿಗುವುದಿಲ್ಲ, ಹೊರಗಿನ ಹನಿ ಉಳಿಸಲು ಹೋಗಿ ಬೇರಿಂಗ್ ಕಳೆದುಕೊಂಡ ಹಾಗೆ.

ಹೊಸ ಪ್ಯಾಕಿಂಗೇ ಸೋರುತ್ತಿದೆ ಅಂದರೆ ಒಳಗಿನಿಂದ ಏನೋ ತಳ್ಳುತ್ತಿರಬೇಕು ಅಲ್ವಾ? ಎಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಸಡಿಲವಾಗಿ ಬಿಟ್ಟೆ. ಅದು ತಟತಟ ಕುಣಿಯಿತು, ಹೊಗೆ ಬೇರೆ. ಎದೆ ಧಸಕ್ಕೆಂದಿತು. ಮೆಕ್ಯಾನಿಕ್‌ಗಳು ಇದಕ್ಕೆ ಬ್ಯಾಕ್ ಕಂಪ್ರೆಷನ್ ಅನ್ನುತ್ತಾರೆ. ಪಿಸ್ಟನ್ ರಿಂಗ್ ದಾಟಿ ಬರುವ ಗಾಳಿ. ಡೀಸೆಲ್‌ನಲ್ಲಿ ಒತ್ತಡ ಮೊದಲೇ ಜಾಸ್ತಿ, ಕಂಪ್ರೆಷನ್ ಅನುಪಾತವೇ, ಅಂದರೆ ಸಿಲಿಂಡರಿನ ಗಾಳಿಯನ್ನು ಎಷ್ಟು ಪಟ್ಟು ಹಿಂಡುತ್ತದೆ ಅನ್ನುವುದು, ಹೆಚ್ಚುಕಡಿಮೆ 16ರಿಂದ 22. ಗಟ್ಟಿಮುಟ್ಟಾದ ಎಂಜಿನ್‌ನಲ್ಲೂ ಸ್ವಲ್ಪ ಗಾಳಿ ನುಸುಳುತ್ತದೆ. ಅದು ಹೊರಹೋಗಲು ಇರುವ ದಾರಿಯೇ ಬ್ರೀದರ್ ಪೈಪ್.

ಎಂಜಿನ್ ಕೆಲಸ ಬಂತು ಅಂತ ಚಿಂತೆ ಮಾಡುವ ಮುಂಚೆ ಆ ಪೈಪ್ ಎಳೆದು ನೋಡಿದೆ. ಹೊರಗಿನಿಂದ ಚೆನ್ನಾಗಿತ್ತು. ಒಳಗಿನ ಪದರ ಕಿತ್ತುಬಂದು ಕುಸಿದಿತ್ತು, ಉಳಿದ ಸಂದಿಗೆ ಮಸಿ ಕೆಸರು. ಬಾಯಿಟ್ಟು ಊದಿದರೂ ಗಾಳಿ ದಾಟಲಿಲ್ಲ. ಹೋಗಲು ದಾರಿ ಇಲ್ಲದ ಗಾಳಿ ಸಿಕ್ಕ ಸಂದಿಯಲ್ಲಿ ಆಯಿಲ್ ನೂಕುತ್ತಿತ್ತು. ಪೈಪ್ ಬದಲಾಯಿಸಿದೆ. ಮುಚ್ಚಳ ಈಗ ಸ್ವಲ್ಪ ನಡುಗುತ್ತದೆ, ಕುಣಿಯುವುದಿಲ್ಲ. ರಿಂಗ್ ಸವೆದಿಲ್ಲ ಅಂತ ನಾನು ಹೇಳುತ್ತಿಲ್ಲ, ವಯಸ್ಸಾಗಿದೆ. ಆದರೆ ಎಂಜಿನ್ ಬಿಚ್ಚುವ ಕಾಲ ಇನ್ನೂ ಬಂದಿಲ್ಲ.

ಹಾಗಂತ ಪ್ರತಿ ಜಿಡ್ಡಿನ ಹಿಂದೆಯೂ ಬೀಳಬೇಕಿಲ್ಲ. ಬೆವರಿದ ಹಾಗೆ ಒದ್ದೆ ಇದ್ದರೆ ನಾನು ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡಿಕೊಂಡು ಓಡಿಸುತ್ತೇನೆ. ಟರ್ಬೋ ಅಥವಾ ಸೈಲೆನ್ಸರ್ ಪೈಪ್ ಮೇಲೆ ಹನಿ ಬೀಳುತ್ತಿದ್ದರೆ ಮಾತ್ರ ಒಂದು ದಿನವೂ ಮುಂದೂಡಬೇಡಿ, ಅದು ಬೆಂಕಿಯ ವಿಷಯ. ಕ್ಲಚ್ ಪ್ಲೇಟಿಗೆ ಆಯಿಲ್ ಹತ್ತಿದರೂ ಮುಂದೂಡಬೇಡಿ. ಮತ್ತೆ, ಬರೀ ಜಾಕ್ ನಂಬಿ ಗಾಡಿ ಕೆಳಗೆ ಮಲಗಬೇಡಿ, ಸ್ಟ್ಯಾಂಡ್ ಕೊಡಿ.

ಈಗಲೂ ರಾತ್ರಿ ಗಾಡಿ ಕೆಳಗೆ ರಟ್ಟು ಹಾಸುತ್ತೇನೆ. ಎರಡು ತಿಂಗಳು ಸ್ವಚ್ಛವಾಗಿತ್ತು. ಮೊನ್ನೆ ಆಯಿಲ್ ಬದಲಾಯಿಸಿದ ಮಾರನೇ ದಿನ ಒಂದು ಹನಿ. ಈ ಸಲ ನಡುವಿನಲ್ಲಿ. ಬಗ್ಗಿ ನೋಡಿದರೆ ಡ್ರೈನ್ ಬೋಲ್ಟ್ ತುದಿಯಲ್ಲಿ ಇನ್ನೊಂದು ಹನಿ ತೂಗುತ್ತಿದೆ. ಆ ಬೋಲ್ಟಿಗೆ ಹಾಕಲು ಹೊಸ ತಾಮ್ರದ ವಾಷರ್ ತಂದಿದ್ದೆ. ಅದು ಇನ್ನೂ ನನ್ನ ಅಂಗಿ ಜೇಬಿನಲ್ಲೇ ಇತ್ತು.