ಒಣಗಿಲ್ಲ ಮಾರಾಯ್ರೆ, ಬಣ್ಣ ತಿರುಗಿದೆ

"ಏ, ಎಲ್ಲಾ ಒಣಗಿಬಿಟ್ಟೈತಲ್ಲೋ!"

ನಿನ್ನೆ ಸಂಡೂರಿನ ಗುಡ್ಡದಲ್ಲಿ ಈ ಮಾತು ನಾಲ್ಕು ಸಲ ಕಿವಿಗೆ ಬಿತ್ತು. ನಾಲ್ಕನೇ ಸಲಕ್ಕೆ ಬಾಯಲ್ಲಿದ್ದ ಮಂಡಕ್ಕಿ ಒಗ್ಗರಣೆ ನೆತ್ತಿಗೇರಿತು. ಕಾರಿಳಿದ ಹುಡುಗರು ಎರಡು ಸೆಲ್ಫಿ ಹೊಡೆದು, "ಸೆಪ್ಟೆಂಬರ್‌ನಾಗ ಬರಬೇಕಿತ್ತು" ಅಂತ ಗಾಡಿ ತಿರುಗಿಸಿಯೇ ಬಿಟ್ಟರು. 1934ರಲ್ಲಿ ಬಂದಿದ್ದ ಗಾಂಧೀಜಿ 'ಸೆಪ್ಟೆಂಬರ್‌ನಲ್ಲಿ ಸಂಡೂರು ನೋಡಿ' ಅಂದರು ಅಂತ ಊರೆಲ್ಲ ಹೇಳುತ್ತೆ. ಸರಿ, ಅದಕ್ಕೆ ನವೆಂಬರ್‌ನಲ್ಲಿ ಕಣ್ಣು ಮುಚ್ಕೊಂಡು ಓಡಾಡಿ ಅಂತ ಅರ್ಥವೇ?

ನಾನು ರಾಮಗಡದ ಕಡೆ ಹತ್ತಿದೆ. (ನನ್ನ ಮೊಣಕಾಲಿನ ಕಥೆ ನಿಮಗೆ ಗೊತ್ತು, ಬಿಡಿ.) ಹತ್ತಿರ ಹತ್ತಿರ 1,000 ಮೀಟರ್ ಎತ್ತರ. ಬಳ್ಳಾರಿ ದಂಡಿನ ಬ್ರಿಟಿಷ್ ಸಿಪಾಯಿಗಳು ಕಾಯಿಲೆ ಬಿದ್ದರೆ ಹವಾ ಬದಲಿಸೋಕೆ ಬರುತ್ತಿದ್ದ ಜಾಗ. ಹುಲ್ಲೆಲ್ಲ ಜೋಳದ ರವದಿಯ ಬಣ್ಣಕ್ಕೆ ತಿರುಗಿತ್ತು. ಗಾಳಿ ಬಂದಾಗ ಇಡೀ ಇಳಿಜಾರು ಮಗ್ಗುಲು ಬದಲಿಸಿದ ಹಾಗೆ. ತೇಗದೆಲೆ ಅಂಚಿನಿಂದ ಸುಟ್ಟ ಹಪ್ಪಳ. ಅಲ್ಲೊಂದು ಇಲ್ಲೊಂದು ದಿಂಡಗದ ಮರ ಆಗಲೇ ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ತಂಬಿಗೆಯಂತೆ. ಗುಡ್ಡಕ್ಕೆ ಗುಡ್ಡವೇ ಹೊತ್ತಿಕೊಂಡಿತ್ತು ಅಂತ ಸುಳ್ಳು ಹೇಳಲ್ಲ, ನಡುನಡುವೆ ಹಸಿರಿತ್ತು. ಆದರೆ ಒಣಗಿರಲಿಲ್ಲ!

ಫೋಟೋ ಕಳಿಸಿದರೆ ಅಮೆರಿಕದಲ್ಲಿರೋ ಅಕ್ಕನ ಮಗ, "ಮಾಮಾ, ಇದು ಫಾಲ್ ಅಲ್ಲ, ಬರ" ಅಂದ. ಫಾಲ್ ಅಂದರೆ ಅವರ ಎಲೆ ಉದುರೋ ಕಾಲ. ಅಲ್ಲಿ ಹಗಲು ಗಿಡ್ಡವಾಗಿ ಚಳಿ ಬಿದ್ದರೆ ಎಲೆ ಬಣ್ಣ ತಿರುಗುತ್ತಂತೆ, ಮೇಪಲ್ ಮರ ಆಗ ಹೊಸದಾಗಿ ಕೆಂಪು ತಯಾರಿಸುತ್ತಂತೆ. ನಮ್ಮ ಮರಗಳು ನೀರು ಉಳಿಸೋಕೆ ಎಲೆ ಉದುರಿಸುತ್ತವೆ. ಒಪ್ಪಿದೆ, ಕಾರಣ ಬೇರೆ. ಹಸಿರು ಕರಗಿದ ಮೇಲೆ ಅದರ ಕೆಳಗಿದ್ದ ಹಳದಿ ಹೊರಗೆ ಬರೋದು ಎರಡೂ ಕಡೆ ಒಂದೇ ತಾನೆ? ಡಾಲರ್ ಕೊಟ್ಟು ನೋಡಿದ್ದು ಫಾಲ್, ಬಸ್ ಚಾರ್ಜ್‌ನಲ್ಲಿ ನೋಡಿದ್ದು ಬರ!

ಅವನನ್ನೇನು ಬೈಯಲಿ. ನನ್ನ ಆಫೀಸಿನ ಕಂಪ್ಯೂಟರ್ ಪರದೆ ಮೇಲೆ ಹತ್ತು ವರ್ಷ ಇದ್ದದ್ದು ಕಾಶ್ಮೀರದ ಕೆಂಪು ಚಿನಾರ್ ಮರ.

ಇನ್ನೊಂದು ವಿಷಯವೂ ಹೇಳಿಬಿಡ್ತೀನಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನಮ್ಮ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕೋ ಮುಂಚೆ ಈ ರಸ್ತೆಯ ಮರಗಳಿಗೆ ಹನ್ನೆರಡು ತಿಂಗಳೂ ಕೆಂಪೇ. ಬೆರಳಲ್ಲಿ ಒರೆಸಿದರೆ ಕಬ್ಬಿಣದ ಅದಿರಿನ ಲಾರಿಗಳ ಧೂಳಿನ ಕೆಳಗೆ ಹಸಿರೆಲೆ ಕಾಣೋದು. ಆಗ ಯಾರೂ ಅಯ್ಯೋ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಅದೇ ಲಾರಿಗಳ ಬಾಡಿಗೆಯಲ್ಲಿ ನಮ್ಮ ಮನೆಯ ಮೇಲಿನ ಮಹಡಿ ಎದ್ದದ್ದು ನಿಮಗ್ಯಾರಿಗೂ ಗೊತ್ತಿಲ್ಲದ್ದೇನಲ್ಲ.

ಇಳಿಯುವಾಗ ದಿಂಡಗದ ಒಂದೆಲೆ ಕಿತ್ತು, ಹಳೇ ಚಟ ನೋಡಿ, ಹೆಬ್ಬೆರಳಲ್ಲಿ ಒರೆಸಿದೆ. ಕೆಂಪು ಹೋಗಲಿಲ್ಲ. ಮತ್ತೆ ಒರೆಸಿದೆ. ಹೋಗಲಿಲ್ಲ. ಟಿಕೆಟ್ ಜೊತೆ ಜೇಬಿನಲ್ಲಿಟ್ಟುಕೊಂಡು ಮನೆಗೆ ತಂದು ಟಿವಿ ಮುಂದೆ ಇಟ್ಟೆ.

ಬೆಳಿಗ್ಗೆ ನೋಡಿದರೆ ಇಲ್ಲ. ಕೇಳಿದ್ದಕ್ಕೆ ಮನೆಯವಳು ಕಸಬರಿಗೆ ಕೈಯಲ್ಲಿ ಹಿಡಿದೇ ಅಂದಳು: "ಅದಾ? ಒಣಗಿತ್ತಲ್ರೀ."